ಗ್ಯಾರೇಜಿನಲ್ಲಿ ಮಾತ್ರ ಸ್ಟಾರ್ಟ್ ಆಗುವ ಕಾರು

ಪೂರ್ತಿ ಕೆಟ್ಟು ನಿಂತ ಕಾರನ್ನು ಸರಿ ಮಾಡುವುದು ಅಷ್ಟೇನೂ ಕಷ್ಟವಲ್ಲ. ಬೆಳಗ್ಗೆ ನೋಡಿದರೂ ಸಂಜೆ ನೋಡಿದರೂ ದೋಷ ಇದ್ದಲ್ಲೇ ಇರುತ್ತದೆ. ಒಮ್ಮೆ ಸ್ಟಾರ್ಟ್ ಆಗಿ, ಇನ್ನೊಮ್ಮೆ ಆಗದೆ, ಅರ್ಧ ಗಂಟೆ ಬಿಟ್ಟು ಮತ್ತೆ ಸಲೀಸಾಗಿ ಸ್ಟಾರ್ಟ್ ಆಗುವ ಹಳೆಯ ಕಾರೇ ನಿಜವಾಗಿ ಕಾಡುವಂಥದ್ದು. ಮದುವೆ ಛತ್ರದ ಮುಂದೆ ಕೈಕೊಟ್ಟ ಕಾರನ್ನು ನಾಲ್ಕು ಜನ ತಳ್ಳಿ ಹೇಗೋ ಗ್ಯಾರೇಜಿಗೆ ಮುಟ್ಟಿಸಿದರೆ, ಅಲ್ಲಿ ಮೊದಲ ಸಲ ಕೀ ತಿರುಗಿಸಿದಾಗಲೇ ಎಂಜಿನ್ ಎದ್ದು ಕೂರುತ್ತದೆ. "ಏನೂ ಇಲ್ವಲ್ಲ ಸಾರ್, ಚೆನ್ನಾಗೇ ಇದೆ" ಎನ್ನುತ್ತಾನೆ ಮೆಕ್ಯಾನಿಕ್. ಅವನು ಸುಳ್ಳು ಹೇಳುತ್ತಿಲ್ಲ. ಅವನ ಕಣ್ಣೆದುರು ನಿಂತ ಕಾರಿಗೆ ಆ ಗಳಿಗೆಯಲ್ಲಿ ನಿಜವಾಗಿಯೂ ಏನೂ ಆಗಿಲ್ಲ.

ಅಲ್ಲಿಂದ ಶುರುವಾಗುವುದು ಊಹೆಯ ಖರ್ಚು. ಮೊದಲು ಬ್ಯಾಟರಿ ಬದಲಾಗುತ್ತದೆ. ಎರಡು ವಾರ ಕಾರು ಚೆನ್ನಾಗಿ ಓಡುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಮತ್ತೆ ಅದೇ ಕಥೆ. ಆಗ ಸೆಲ್ಫ್ ಮೋಟಾರ್ ಬಿಚ್ಚುತ್ತಾರೆ. ಅದಾದ ಮೇಲೆ ಇಗ್ನಿಷನ್ ಸ್ವಿಚ್, ಕಾಯಿಲ್, ಪ್ಲಗ್. ಹೀಗೆ ಒಂದೊಂದಾಗಿ ಕಾರಿನ ಮೂಲ ಬಿಡಿಭಾಗಗಳೆಲ್ಲ ಗುಜರಿಗೆ ಹೋಗಿ ಅವುಗಳ ಜಾಗಕ್ಕೆ ಕಳಪೆ ನಕಲುಗಳು ಬರುತ್ತವೆ. ಮೂವತ್ತು ವರ್ಷ ಬಾಳಿದ ಕಾಯಿಲ್ ಒಂದನ್ನು ಯಾವ ತಪ್ಪೂ ಇಲ್ಲದೆ ಕಿತ್ತೆಸೆಯುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹಳೆಯ ಕಾರುಗಳು ಸಾಯುವುದು ವಯಸ್ಸಿನಿಂದಲ್ಲ, ಇಂಥ ಅಂದಾಜಿನ ರಿಪೇರಿಯಿಂದಲೇ ಎಂದು ನಾನು ನಂಬಿದ್ದೇನೆ.

ಬಿಟ್ಟು ಬಿಟ್ಟು ಬರುವ ದೋಷಕ್ಕೂ ಒಂದು ಷರತ್ತು ಇರುತ್ತದೆ. ಬಿಸಿ ಏರಿರಬೇಕು, ಇಲ್ಲವೇ ತೇವ ತಗುಲಿರಬೇಕು, ಇಲ್ಲವೇ ಯಾವುದೋ ತಂತಿ ಒಂದು ಕೋನಕ್ಕೆ ಬಾಗಿರಬೇಕು. ಷರತ್ತು ಕೂಡಿಬಂದಾಗ ದೋಷ ತಪ್ಪದೆ ಬರುತ್ತದೆ. ಷರತ್ತು ತೀರಿದ ಮೇಲೆ ಮರೆಯಾಗುತ್ತದೆ. ಆದ್ದರಿಂದ ಪರೀಕ್ಷೆ ನಡೆಯಬೇಕಾದದ್ದು ಕಾರು ಕೆಟ್ಟು ನಿಂತಿರುವ ಆ ಹತ್ತು ನಿಮಿಷಗಳಲ್ಲಿ. ಆ ಹೊತ್ತಿಗೆ ಅಲ್ಲಿರುವವರು ಓನರ್ ಒಬ್ಬರೇ. ಈ ವಾರದ ಅಂಕಣವನ್ನು ಮೆಕ್ಯಾನಿಕ್‌ಗಳಿಗಲ್ಲ, ಓನರುಗಳಿಗಾಗಿಯೇ ಬರೆಯುತ್ತಿದ್ದೇನೆ.

ಮೊದಲ ಕೆಲಸ ಕಿವಿಯದು. "ಸ್ಟಾರ್ಟ್ ಆಗ್ತಿಲ್ಲ" ಎಂಬ ಒಂದೇ ದೂರಿನೊಳಗೆ ಪರಸ್ಪರ ಸಂಬಂಧವೇ ಇಲ್ಲದ ಎರಡು ಕಾಯಿಲೆಗಳಿವೆ. ಸೆಲ್ಫ್ ಹೊಡೆಯುತ್ತಿದೆ, ಎಂಜಿನ್ ತಿರುಗುತ್ತಿದೆ, ಆದರೆ ಹಿಡಿಯುತ್ತಿಲ್ಲ ಎಂದಾದರೆ ಹುಡುಕಬೇಕಾದದ್ದು ಕಿಡಿಯನ್ನು, ಇಲ್ಲವೇ ಪೆಟ್ರೋಲನ್ನು. ಸೆಲ್ಫೇ ಹೊಡೆಯುತ್ತಿಲ್ಲ ಎಂದಾದರೆ ಪ್ಲಗ್ ಬಿಚ್ಚುವುದು, ಕಾರ್ಬೋರೇಟರ್ ತೊಳೆಯುವುದು ಎಲ್ಲವೂ ದಂಡ. ಈ ಎರಡನೆಯದರಲ್ಲೂ ಮೂರು ಬಗೆಯಿದೆ. ಕೀ ತಿರುಗಿಸಿದರೆ ಟಕಟಕಟಕ ಎಂದು ಬಡಿದುಕೊಳ್ಳುವುದು ಒಂದು. ಒಂದೇ ಒಂದು ಸಲ ಟಕ್ ಎಂದು ಸುಮ್ಮನಾಗುವುದು ಇನ್ನೊಂದು. ಏನೂ ಸದ್ದಿಲ್ಲದಿರುವುದು ಮತ್ತೊಂದು. ಮೆಕ್ಯಾನಿಕ್ ಹತ್ತಿರ ಹೋಗಿ "ಏನೋ ಟಕ್ ಅಂತಿತ್ತು" ಎಂದರೆ ಸಾಲದು. ಒಂದು ಸಲವೋ, ಹಲವು ಸಲವೋ? ಆ ವ್ಯತ್ಯಾಸದಲ್ಲೇ ಅರ್ಧ ಉತ್ತರ ಇದೆ.

ಕಿವಿಯ ಜೊತೆಗೆ ಕಣ್ಣೂ ಸೇರಲಿ. ಹೆಡ್‌ಲೈಟ್ ಹಾಕಿ, ಎದುರಿನ ಗೋಡೆಯ ಮೇಲೆ ಬೆಳಕು ಬೀಳುವಂತೆ ನೋಡಿಕೊಂಡು, ಕೀ ತಿರುಗಿಸಿ. ಬೆಳಕು ಪೂರ್ತಿ ಆರಿಹೋದರೆ ಬ್ಯಾಟರಿಯಲ್ಲಿ ಬಲವಿಲ್ಲ, ಇಲ್ಲವೇ ಬ್ಯಾಟರಿಯ ಟರ್ಮಿನಲ್‌ಗಳಲ್ಲೇ ಸಂಪರ್ಕ ಕೆಟ್ಟಿದೆ. ಬೆಳಕು ಸ್ವಲ್ಪವೂ ಕುಂದದೆ, ಸದ್ದೂ ಇಲ್ಲದಿದ್ದರೆ ಕರೆಂಟ್ ಸೆಲ್ಫ್ ತನಕ ಹೋಗುತ್ತಲೇ ಇಲ್ಲ: ಸ್ವಿಚ್, ಸೊಲೆನಾಯ್ಡ್‌ಗೆ ಬರುವ ಸಣ್ಣ ವೈರು ಇವೆರಡರಲ್ಲೊಂದು. ಬೆಳಕು ಮಂಕಾಗಿ ಕೆಳಗೆಲ್ಲೋ ಧಡ್ ಎಂದರೆ ಸೆಲ್ಫ್ ಜಾಮ್ ಆಗಿರಬಹುದು. ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ, ಒಂದು ನಿಮಿಷವೂ ಹಿಡಿಯುವುದಿಲ್ಲ.

ಸೆಲ್ಫ್ ಮೋಟಾರಿನ ಹುಟ್ಟನ್ನು ಸ್ವಲ್ಪ ನೆನೆಯುವುದು ಇಲ್ಲಿ ಉಪಯುಕ್ತ. 1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಅದನ್ನು ತಂದಾಗ, ಕಾರಿನಲ್ಲಿ ಹಿಡಿಸುವಷ್ಟು ಸಣ್ಣ ಮೋಟಾರಿನಿಂದ ಎಂಜಿನ್ ತಿರುಗಿಸಲು ಸಾಧ್ಯವೇ ಎಂಬುದೇ ದೊಡ್ಡ ಅನುಮಾನವಾಗಿತ್ತು. ಮೋಟಾರು ದಿನವಿಡೀ ದುಡಿಯಬೇಕಾಗಿಲ್ಲ, ಕೆಲವೇ ಸೆಕೆಂಡು ಮೈಮುರಿದು ಎಳೆದರೆ ಸಾಕು, ಆ ಹೊತ್ತಿನಲ್ಲಿ ತನ್ನ ಶಕ್ತಿಗೆ ಮೀರಿದ ಕರೆಂಟನ್ನು ಅದು ತಾಳಿಕೊಳ್ಳಬಲ್ಲದು ಎಂಬುದು ಅವನ ಹೊಳಹು. ಇಂದಿಗೂ ನಮ್ಮ ಕಾರುಗಳ ಸೆಲ್ಫ್ ಇದೇ ತತ್ವದ ಮೇಲೆ ನಡೆಯುತ್ತದೆ. ಸಣ್ಣ ಕಾರಿನ ಸೆಲ್ಫ್ ಕೂಡ ಎಂಜಿನ್ ತಿರುಗಿಸುವಾಗ ನೂರು ಆಂಪಿಯರ್ ದಾಟುತ್ತದೆ. ಅದಕ್ಕೇ ಸತತ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು, ನಡುವೆ ಬಿಡುವು ಕೊಡಬೇಕು. ಅದಕ್ಕೇ, ಬೇರೆಡೆ ಲೆಕ್ಕಕ್ಕೇ ಬಾರದ ತಡೆಯೊಂದು ಇಲ್ಲಿ ಕಾರನ್ನೇ ನಿಲ್ಲಿಸಬಲ್ಲದು.

ಲೆಕ್ಕ ಹಾಕಿ ನೋಡಿ. ಒಂದು ಕೇಬಲ್ಲಿನ ತುದಿಯಲ್ಲಿ ತುಕ್ಕು ಹಿಡಿದು 0.02 ಓಮ್ ತಡೆ ಹುಟ್ಟಿಕೊಂಡಿದೆ ಎನ್ನೋಣ. ಹೆಡ್‌ಲೈಟಿಗೆ ಅದು ಗೊತ್ತೂ ಆಗುವುದಿಲ್ಲ. 120 ಆಂಪಿಯರ್ ಹರಿಯುವಾಗ ಅಲ್ಲೇ 2.4 ವೋಲ್ಟ್ ಕಳೆದುಹೋಗುತ್ತದೆ. ಬ್ಯಾಟರಿಯೇ ಆ ಹೊತ್ತಿನಲ್ಲಿ ಹತ್ತು-ಹನ್ನೊಂದು ವೋಲ್ಟಿಗೆ ಇಳಿದಿರುವಾಗ ಸೆಲ್ಫ್‌ಗೆ ಉಳಿಯುವುದೆಷ್ಟು? ಇದನ್ನು ಮಲ್ಟಿಮೀಟರ್‌ನ ಓಮ್ ಅಳತೆಯಲ್ಲಿ ಹಿಡಿಯಲು ಹೋಗುವವರಿದ್ದಾರೆ. ಆಗದು. ಸಾಧಾರಣ ಮೀಟರ್‌ನ ವೈರುಗಳ ತಡೆಯೇ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅರ್ಧ ಕಟ್ಟಿಕೊಂಡ ನಲ್ಲಿ ಪೈಪಿನಲ್ಲೂ ನೀರು ನಿಂತಿರುವಾಗ ಒತ್ತಡ ಪೂರ್ತಿ ತೋರುತ್ತದೆ. ನಲ್ಲಿ ತಿರುಗಿಸಿದಾಗಲೇ ಬಂಡವಾಳ ಬಯಲಾಗುವುದು. ಕೇಬಲ್ಲನ್ನೂ ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು.

ವಿಧಾನ ಹೀಗಿದೆ. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಮೇಲೆ ಒತ್ತಿ. ಟರ್ಮಿನಲ್ ಮೇಲಲ್ಲ, ಸೀಸದ ಕಂಬದ ಮೇಲೆಯೇ. ಇನ್ನೊಂದು ಮೊನೆಯನ್ನು ಎಂಜಿನ್ನಿನ ಶುಭ್ರ ಲೋಹಕ್ಕೆ ಒತ್ತಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಇನ್ನೊಬ್ಬರು ಕೀ ತಿರುಗಿಸಲಿ. 0.2 ವೋಲ್ಟ್ ಒಳಗೆ ತೋರಿದರೆ ಅರ್ತ್ ಸರಿಯಿದೆ. ಹಾಗೆಯೇ ಪಾಸಿಟಿವ್ ಕಂಬದಿಂದ ಸೆಲ್ಫ್‌ನ ದಪ್ಪ ಬೋಲ್ಟಿಗೆ. ಅದು ಅರ್ಧ ವೋಲ್ಟ್ ದಾಟಬಾರದು. ಈ ಎರಡೂ ಸರಿಯಿದ್ದು, ಬ್ಯಾಟರಿ ಸೆಲ್ಫ್ ಹೊಡೆಯುವಾಗಲೂ 9.6ಕ್ಕಿಂತ ಕೆಳಗಿಳಿಯದೆ ನಿಂತು, ಸೊಲೆನಾಯ್ಡ್‌ನ ಸಣ್ಣ ವೈರಿನಲ್ಲಿ ಟೆಸ್ಟ್ ಲ್ಯಾಂಪ್ ಜೋರಾಗಿ ಉರಿದೂ ಸೆಲ್ಫ್ ಅಲ್ಲಾಡದಿದ್ದರೆ ಆಗ ಸೆಲ್ಫ್ ಬಿಚ್ಚಲು ಹೇಳಿ. ಅದಕ್ಕೂ ಮುಂಚೆ ಬೇಡ.

ಕಳೆದ ಮಳೆಗಾಲಕ್ಕೆ ಮೊದಲು ಉಜಿರೆ ಕಡೆಯ ಪರಿಚಿತರೊಬ್ಬರು ತಮ್ಮ ಮಾರುತಿ 800 ಬಗ್ಗೆ ಫೋನು ಮಾಡಿದರು. ನಿವೃತ್ತ ಮೇಷ್ಟ್ರು. ತೊಂಬತ್ತರ ದಶಕದ ನಡುವಿನ ಕಾರ್ಬೋರೇಟರ್ ಮಾದರಿ. ಆ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ನಿನಷ್ಟು ನಂಬಿಗಸ್ತ ಯಂತ್ರ ನಮ್ಮ ರಸ್ತೆಗಳಿಗೆ ಬಂದದ್ದು ಕಡಿಮೆ. "ಇದೊಂದು ವಿಚಿತ್ರ ಮಾರಾಯ್ರೇ. ಊರಲ್ಲಿ ಎಲ್ಲಿ ನಿಲ್ಲಿಸಿದ್ರೂ ಸ್ಟಾರ್ಟ್ ಆಗ್ತದೆ. ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದಲ್ಲಿ ಚಾ ಕುಡೀಲಿಕ್ಕೆ ನಿಲ್ಲಿಸಿದ್ರೆ ಮಾತ್ರ ಟಕ್ ಅಂತದೆ, ಅಷ್ಟೇ. ಅರ್ಧ ಗಂಟೆ ಕೂತ್ರೆ ಮತ್ತೆ ಸರಿ." ಬ್ಯಾಟರಿ ಹೊಸದು, ಸೆಲ್ಫ್‌ಗೆ ಹೊಸ ಬ್ರಷ್, ಹೊಸ ಸೊಲೆನಾಯ್ಡ್ ಎಲ್ಲ ಆಗಿತ್ತು. ಕಾರನ್ನು ಮಾರಿಬಿಡುವ ಮಾತೂ ಮನೆಯಲ್ಲಿ ನಡೆದಿತ್ತು.

ಅವರ ಮಾತಿನಲ್ಲೇ ಷರತ್ತು ಇತ್ತು: ಬಿಸಿ. ಎಲ್ಲರೂ ಸೆಲ್ಫ್ ಮೇಲೆ ಅನುಮಾನ ಪಟ್ಟದ್ದೂ ತಪ್ಪಲ್ಲ. ತಾಮ್ರದ ತಡೆ ಪ್ರತಿ ಡಿಗ್ರಿಗೆ ಶೇ. 0.39ರಷ್ಟು ಏರುತ್ತದೆ, 25 ಡಿಗ್ರಿಯಿಂದ 100 ಡಿಗ್ರಿಗೆ ಹೋದ ಸೊಲೆನಾಯ್ಡ್ ಸುರುಳಿಯಲ್ಲಿ ಹರಿಯುವ ಕರೆಂಟ್ ಕಾಲುಭಾಗದ ಹತ್ತಿರ ಕುಗ್ಗುತ್ತದೆ, ಅದರ ಬಲವೂ ಇಳಿಯುತ್ತದೆ. ಘಟ್ಟ ಹತ್ತಿ ನಿಂತ ಕೂಡಲೇ ಗಾಳಿಯೂ ನಿಂತು ಬಾನೆಟ್ ಒಳಗಿನ ಬಿಸಿ ಇನ್ನಷ್ಟು ಏರುತ್ತದೆ. ಆದರೆ ಹೊಸ ಸೊಲೆನಾಯ್ಡ್ ಹಾಕಿದ ಮೇಲೂ ಹಾಗೇ ಇದ್ದದ್ದರಿಂದ ಬೇರೆಡೆ ನೋಡಬೇಕಿತ್ತು. ನಾನು ಅವರನ್ನು ಕೇಳಿದ್ದು ಇಷ್ಟೇ: "ಮುಂದಿನ ಸಲ ಕೈಕೊಟ್ಟಾಗ ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ ನೋಡ್ತೀರಾ ಮಾಸ್ಟ್ರೇ? ಬೇರೇನೂ ಮುಟ್ಟಬೇಡಿ." ಕೆಲವು ದಿನಗಳಲ್ಲೇ ಫೋನು ಬಂತು. ಬೆಳಕು ಹಾಗೇ ಇತ್ತು, ಸ್ವಲ್ಪವೂ ಮಂಕಾಗಲಿಲ್ಲ. ಅದರ ಜೊತೆ ಅವರು ತಾವಾಗಿಯೇ ಇನ್ನೊಂದು ಮಾತು ಸೇರಿಸಿದರು. ಚೋಕ್ ಎಳೆದು ನೋಡೋಣ ಎಂದು ಗುಂಡಿ ಹಿಡಿದರೆ ಕೇಬಲ್ಲು ಬಿಸಿಯಾಗಿತ್ತಂತೆ.

ಅದನ್ನು ಕೇಳಿದಾಗ ಆದ ಸಂತೋಷ ಈ ಹವ್ಯಾಸದಲ್ಲಿರುವವರಿಗೆ ಗೊತ್ತು. ಕಾರಿನ ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್‌ಗಳ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯದು. ಸೆಲ್ಫ್‌ನ ನೂರಾರು ಆಂಪಿಯರ್ ಬ್ಯಾಟರಿಗೆ ಮರಳಬೇಕಾದದ್ದು ನೆಗೆಟಿವ್‌ನಿಂದ ಗೇರ್‌ಬಾಕ್ಸ್‌ಗೆ ಬರುವ ಒಂದೇ ದಪ್ಪ ಕೇಬಲ್ಲಿನ ಮೂಲಕ. ಆ ದಾರಿ ಕಟ್ಟಿದರೆ ಕರೆಂಟ್ ಸಿಕ್ಕ ದಾರಿ ಹಿಡಿಯುತ್ತದೆ. ಚೋಕ್ ಕೇಬಲ್ಲು, ಆಕ್ಸಿಲರೇಟರ್ ಕೇಬಲ್ಲು ಎರಡೂ ಲೋಹದವೇ, ಎರಡೂ ಎಂಜಿನ್ನನ್ನೂ ಬಾಡಿಯನ್ನೂ ಜೋಡಿಸುತ್ತವೆ. ಆ ಸಣ್ಣ ತಂತಿಗಳು ಅಷ್ಟು ಕರೆಂಟ್ ಹೊತ್ತು ಬಿಸಿಯಾಗುತ್ತವೆ. ಹೆಡ್‌ಲೈಟಿನ ಅರ್ತ್ ಬಾಡಿಗೆ ಬೇರೆಯಾಗಿ ಸೇರಿರುವುದರಿಂದ ಅದಕ್ಕೆ ಈ ತೊಂದರೆಯ ಸುದ್ದಿಯೇ ಇಲ್ಲ.

ಮುಂದೊಂದು ದಿನ ಅವರ ಜೊತೆ ಮೀಟರ್ ಹಿಡಿದು ಘಟ್ಟ ಹತ್ತಿದೆ. ಕೊಟ್ಟಿಗೆಹಾರದ ಚಳಿಗಾಳಿಯಲ್ಲಿ ಬಾನೆಟ್ ಎತ್ತಿ ಅಳೆದರೆ ಬ್ಯಾಟರಿಯ ಎರಡು ಕಂಬಗಳ ನಡುವೆ 12 ವೋಲ್ಟಿಗೂ ಮೇಲೆ. ನೆಗೆಟಿವ್ ಕಂಬದಿಂದ ಗೇರ್‌ಬಾಕ್ಸ್‌ಗೆ, ಕೀ ತಿರುಗಿಸಿದಾಗ, ಆರು ವೋಲ್ಟಿಗೂ ಹೆಚ್ಚು. ಅರ್ಧ ಬ್ಯಾಟರಿ ಒಂದು ಕೇಬಲ್ಲಿನಲ್ಲಿ ಮುಳುಗಿಹೋಗಿತ್ತು. ಜಂಪರ್ ಕೇಬಲ್ಲಿನ ಒಂದು ತುದಿಯನ್ನು ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಲಿಫ್ಟಿಂಗ್ ಕೊಕ್ಕೆಗೂ ಕಚ್ಚಿಸಿ ಕೀ ತಿರುಗಿಸಿದರು. ಕಾರು ತಕ್ಷಣ ಸ್ಟಾರ್ಟ್ ಆಯಿತು. ಊರಿಗೆ ಬಂದು ಹಳೆಯ ಕೇಬಲ್ ಬಿಚ್ಚಿ ತುದಿಯ ಕಪ್ಪು ಹೊದಿಕೆ ಸೀಳಿದಾಗ ಒಳಗಿನ ತಾಮ್ರದ ಎಳೆಗಳು ಬಹುತೇಕ ಹಸಿರು ಪುಡಿಯಾಗಿದ್ದವು. ಲಗ್‌ಗೆ ಅಂಟಿಕೊಂಡಿದ್ದು ಕೆಲವೇ ಎಳೆಗಳು; ಬಿಸಿಗೆ ಅವೂ ಸಡಿಲಾಗುತ್ತಿದ್ದವು, ತಣಿದ ಮೇಲೆ ಮತ್ತೆ ಕೂಡುತ್ತಿದ್ದವು. ಹೊರಗಿನಿಂದ ನೋಡಿದರೆ ಆ ಕೇಬಲ್ಲಿನಲ್ಲಿ ಯಾವ ಕುಂದೂ ಕಾಣುತ್ತಿರಲಿಲ್ಲ.

ಇನ್ನು ಎಂಜಿನ್ ತಿರುಗಿಯೂ ಹಿಡಿಯದಿರುವ ಕಾಯಿಲೆ. ಫಿಯೆಟ್, ಪದ್ಮಿನಿ, ಅಂಬಾಸಡರ್ ಸಾಕಿದವರಿಗೆ ಇದರ ಪರಿಚಯ ಹೆಚ್ಚು. ಅವುಗಳಲ್ಲಿರುವ ಪಾಯಿಂಟ್-ಕಾಯಿಲ್-ಕಂಡೆನ್ಸರ್ ಏರ್ಪಾಟು ಕೂಡ ಅದೇ ಕೆಟರಿಂಗ್ ರೂಪಿಸಿದ್ದು. ಇಲ್ಲಿ ಕ್ರಮ ಮುಖ್ಯ: ಮೊದಲು ಕಿಡಿ, ಆಮೇಲೆ ಪೆಟ್ರೋಲ್. ಡಿಕ್ಕಿಯಲ್ಲಿ ಒಂದು ಹೆಚ್ಚುವರಿ ಪ್ಲಗ್ ಇರಲಿ. ನಮ್ಮ ಆಡುಗೋಡಿಯ ಮೈಕೋ ಪ್ಲಗ್ ಎಂದರೆ ಒಂದು ತಲೆಮಾರಿಗೆ ಪ್ಲಗ್ಗಿಗೇ ಇನ್ನೊಂದು ಹೆಸರಾಗಿತ್ತು. ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಆ ಹೆಚ್ಚುವರಿ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿಗೆ ತಾಗುವಂತೆ ಕಾರ್ಬೋರೇಟರ್‌ನಿಂದ ದೂರ ಇಟ್ಟು ಸೆಲ್ಫ್ ಹೊಡೆಸಿ. ಚಟಚಟ ಎನ್ನುವ ನೀಲಿ ಕಿಡಿ ಬಂದರೆ ಕರೆಂಟಿನ ತಂಟೆ ಬಿಟ್ಟುಬಿಡಿ. ಹಳದಿಯಾಗಿ ಸೊರಗಿದ್ದರೆ ಕಂಡೆನ್ಸರ್ ಮತ್ತು ಪಾಯಿಂಟ್ ನೋಡಬೇಕು. ಕಿಡಿಯೇ ಇಲ್ಲದಿದ್ದು, ಅರ್ಧ ಗಂಟೆಗೆ ಮರಳಿ ಬಂದರೆ ಬಿಸಿಗೆ ಒಳಗೆ ಕಡಿಯುವ ಕಾಯಿಲ್ ಮೇಲೆ ಅನುಮಾನ ಪಡಬಹುದು.

ಎಲ್ಲಕ್ಕಿಂತ ಹೆಚ್ಚು ತಪ್ಪಿಸಿಕೊಳ್ಳುವುದು ಡಿಸ್ಟ್ರಿಬ್ಯೂಟರ್ ಒಳಗಿನ ಒಂದು ಪುಟ್ಟ ಮೆತ್ತನೆಯ ವೈರು. ಪಾಯಿಂಟ್ ಕೂತಿರುವ ತಟ್ಟೆ ವ್ಯಾಕ್ಯೂಮ್ ಎಳೆದಂತೆಲ್ಲ ಹಿಂದೆ ಮುಂದೆ ಆಡುತ್ತದೆ. ಅದರ ಜೊತೆ ಈ ವೈರೂ ಬಾಗುತ್ತದೆ. ವರ್ಷಾನುಗಟ್ಟಲೆ ಬಾಗಿ ಬಾಗಿ ಒಳಗಿನ ತಾಮ್ರ ತುಂಡಾಗಿರುತ್ತದೆ, ಮೇಲಿನ ಹೊದಿಕೆ ಮಾತ್ರ ಹಾಗೇ ಇರುತ್ತದೆ. ತುದಿಗಳು ಒಂದಕ್ಕೊಂದು ತಾಗಿದ್ದರೆ ಕಾರು ಓಡುತ್ತದೆ. ಬೆರಳಿನಿಂದ ಮೆಲ್ಲಗೆ ಎಳೆದು ನೋಡಿ, ರಬ್ಬರಿನಂತೆ ಹಿಗ್ಗಿದರೆ ಅಲ್ಲೇ ದೋಷ.

ಮಲೆನಾಡಿನ ಜುಲೈ ತಿಂಗಳು ಬೇರೆಯೇ ಪಾಠ ಹೇಳುತ್ತದೆ. ತೀರ್ಥಹಳ್ಳಿ, ಸಾಗರದ ಕಡೆ ರಾತ್ರಿಯಿಡೀ ಹೊರಗೆ ನಿಂತ ಕಾರು ಬೆಳಗ್ಗೆ ಮುಷ್ಕರ ಹೂಡಿ, ಬಿಸಿಲು ಕಂಡ ಮೇಲೆ ಏಳುತ್ತದೆ ಎಂದರೆ ಡಿಸ್ಟ್ರಿಬ್ಯೂಟರ್ ಮುಚ್ಚಳದಲ್ಲಿ ಕೂದಲೆಳೆಯ ಬಿರುಕಿದೆ, ಇಲ್ಲವೇ ಪ್ಲಗ್ ವೈರುಗಳ ಮೈ ಸೀಳಿದೆ. ಕತ್ತಲಲ್ಲಿ ಬಾನೆಟ್ ಎತ್ತಿ ಸೆಲ್ಫ್ ಹೊಡೆಸಿದರೆ ತಪ್ಪು ದಾರಿ ಹಿಡಿದ ಕಿಡಿ ನೀಲಿ ಎಳೆಯಾಗಿ ಕಣ್ಣಿಗೇ ಕಾಣುತ್ತದೆ. ಮಳೆಗಾಲಕ್ಕೆ ಕಾಯಬೇಕೆಂದೇನೂ ಇಲ್ಲ. ಗಿಡಕ್ಕೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿಯಿಂದ ವೈರುಗಳ ಮೇಲೆ ಸಣ್ಣಗೆ ನೀರು ಹನಿಸಿ. ಕಾಯಿಲ್ ಮೇಲೆ ಅನುಮಾನವಿದ್ದರೆ ತಣ್ಣಗಿರುವ ಎಂಜಿನ್ನನ್ನು ಸ್ಟಾರ್ಟ್ ಮಾಡಿ ಹೇರ್ ಡ್ರೈಯರ್ ಹಿಡಿದು ಕಾಯಿಲ್ ಒಂದನ್ನೇ ಕಾಯಿಸಿ. ದೋಷ ಬರುವ ಷರತ್ತನ್ನು ನಾವೇ ಬೇಕೆಂದು ಒಡ್ಡುವುದು ಈ ಕಲೆಯ ಅತ್ಯಂತ ಸೊಗಸಾದ ಭಾಗ ಎಂದು ನನ್ನ ಅನಿಸಿಕೆ.

ಕಿಡಿ ಚೆನ್ನಾಗಿದ್ದರೆ ಪೆಟ್ರೋಲ್. ಏರ್ ಫಿಲ್ಟರ್ ತೆಗೆದು ಕಾರ್ಬೋರೇಟರ್ ಬಾಯೊಳಗೆ ನೋಡುತ್ತಾ ಆಕ್ಸಿಲರೇಟರ್ ಲಿವರನ್ನು ಕೈಯಿಂದ ಒತ್ತಿ. ಪೆಟ್ರೋಲ್ ಸಣ್ಣ ಧಾರೆಯಾಗಿ ಚಿಮ್ಮಿದರೆ ಬಟ್ಟಲಲ್ಲಿ ಪೆಟ್ರೋಲ್ ಇದೆ. ಚಿಮ್ಮದಿದ್ದರೆ, ಅದೂ ಬೇಸಿಗೆಯ ಮಧ್ಯಾಹ್ನ ಘಟ್ಟದ ಏರಿನಲ್ಲಾದರೆ, ಪಂಪಿನಲ್ಲೋ ಪೈಪಿನಲ್ಲೋ ಪೆಟ್ರೋಲ್ ಕುದ್ದು ಆವಿಯಾಗಿ ದಾರಿ ಕಟ್ಟಿದೆ. ಪದ್ಮಿನಿಯ ಡ್ರೈವರ್‌ಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು ಇದಕ್ಕೇ; ಅದು ಮೂಢನಂಬಿಕೆಯಲ್ಲ, ಸರಿಯಾದ ಚಿಕಿತ್ಸೆ. ಬದಲಾಗಿ ಪೆಟ್ರೋಲ್ ವಾಸನೆ ಗಪ್ಪನೆ ಹೊಡೆದರೆ ಓವರ್ ಫ್ಲೋ ಆಗಿದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು, ಪದೇ ಪದೇ ತುಳಿಯದೆ, ಸೆಲ್ಫ್ ಹೊಡೆಯಿರಿ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕ ಶೇ. 20 ಎಥನಾಲ್ ಮಿಶ್ರಣದ ಪೆಟ್ರೋಲ್ ಈಗ ಎಲ್ಲ ಬಂಕುಗಳಲ್ಲೂ ಇದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಅದಕ್ಕೆಂದು ತಯಾರಾಗದ ಹಳೆಯ ರಬ್ಬರನ್ನು ಕೆಡಿಸುತ್ತದೆ. ಪಂಪಿನ ಡಯಾಫ್ರಾಮ್ ಮತ್ತು ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಾಳುವಂಥವಕ್ಕೆ ಬದಲಿಸುವುದನ್ನು ಮುಂದೂಡಬೇಡಿ. ಬಿಸಿ ಎಂಜಿನ್ ಮೇಲೆ ಸೋರುವ ಪೆಟ್ರೋಲ್ ಬರೀ ಸ್ಟಾರ್ಟಿಂಗ್ ತೊಂದರೆಯಲ್ಲ, ಬೆಂಕಿ.

ಕಾರ್ಬೋರೇಟರ್ ಬದಲು ಫ್ಯೂಯೆಲ್ ಇಂಜೆಕ್ಷನ್ ಇರುವ ಎಂಪಿಎಫ್‌ಐ ಕಾರುಗಳೂ ಈಗ ಹಳೆಯವಾಗಿವೆ. ಅವುಗಳಲ್ಲಿ ಕೀ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡು ಪಂಪಿನ ಗುಂಯ್ ಸದ್ದು ಕೇಳಬೇಕು. ಇಮ್ಮೊಬಿಲೈಸರ್ ದೀಪ ಮಿನುಗುತ್ತಿದ್ದರೆ ಇನ್ನೊಂದು ಕೀ ಹಾಕಿ ನೋಡಿ. ಎರಡೂ ಸರಿಯಿದ್ದು ಬಿಸಿಗೆ ಮಾತ್ರ ಕೈಕೊಟ್ಟರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಕಣ್ಣಿಡಿ.

ಕಾರು ಕೈಕೊಟ್ಟಾಗ ಸಿಟ್ಟಿನಲ್ಲಿ ಬ್ಯಾಟರಿ ಟರ್ಮಿನಲ್ ಅಲ್ಲಾಡಿಸಬೇಡಿ, ವೀಲ್ ಸ್ಪ್ಯಾನರ್ ತಂದು ಸೆಲ್ಫ್ ಕುಟ್ಟಬೇಡಿ. ಅದರಿಂದ ಕಾರು ಸ್ಟಾರ್ಟ್ ಆಗಬಹುದು. ಆದರೆ ಸಾಕ್ಷ್ಯ ಅಳಿಸಿಹೋಗುತ್ತದೆ, ದೋಷ ಇನ್ನೊಂದು ದಿನಕ್ಕೆ ಉಳಿಯುತ್ತದೆ. ಮೊದಲು ಕೇಳಿ, ಲೈಟ್ ಹಾಕಿ ನೋಡಿ, ಡ್ಯಾಶ್‌ಬೋರ್ಡಿನಲ್ಲಿಟ್ಟ ಚೀಟಿಯಲ್ಲಿ ಬರೆಯಿರಿ: ಆಫ್ ಮಾಡಿ ಎಷ್ಟು ಹೊತ್ತಾಗಿತ್ತು, ಟೆಂಪರೇಚರ್ ಮುಳ್ಳು ಎಲ್ಲಿತ್ತು, ಮಳೆಯಿತ್ತೇ, ಎಂಥ ಸದ್ದು, ಕೊನೆಗೆ ಏನು ಮಾಡಿದಾಗ ಹಿಡಿಯಿತು. ಇಷ್ಟು ಬರೆದ ಚೀಟಿ ಕೈಗೆ ಬಂದರೆ ಒಳ್ಳೆಯ ಮೆಕ್ಯಾನಿಕ್ ನಿಮ್ಮನ್ನು ಕೂರಿಸಿ ಚಹಾ ತರಿಸುತ್ತಾನೆ. ಸ್ಕ್ರೂಡ್ರೈವರ್‌ನಿಂದ ಸೆಲ್ಫ್‌ನ ಬೋಲ್ಟುಗಳನ್ನು ನೇರ ತಾಗಿಸುವ ಸಾಹಸವನ್ನಂತೂ ಮಾಡಲೇಬೇಡಿ. ಗೇರ್‌ನಲ್ಲಿದ್ದ ಕಾರು ಮುಂದೆ ನುಗ್ಗಿದರೆ ಬಾನೆಟ್ ಮುಂದೆ ಬಗ್ಗಿರುವವರು ನೀವೇ.

ದೋಷ ಕೇಬಲ್ಲಿನಲ್ಲೇ ಎಂದು ಖಾತ್ರಿಯಾದರೆ ಕೊಳ್ಳುವಾಗ ಸ್ವಲ್ಪ ಹಟ ಹಿಡಿಯಿರಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ರೆಡಿಮೇಡ್ ಕೇಬಲ್ಲುಗಳಲ್ಲಿ ಮೇಲಿನ ಹೊದಿಕೆ ದಪ್ಪ, ಒಳಗಿನ ಲೋಹ ತೆಳು ಇರುವಂಥವು ಸಿಗುತ್ತವೆ. ಕೆಲವದರಲ್ಲಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ. 25 ಚದರ ಮಿಲಿಮೀಟರಿನ ಅಪ್ಪಟ ತಾಮ್ರದ ಕೇಬಲ್ಲನ್ನು ಅಳತೆಗೆ ಕತ್ತರಿಸಿ, ಲಗ್ಗನ್ನು ಸುತ್ತಿಗೆಯಲ್ಲಿ ಚಚ್ಚದೆ ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿಸಿ. ಗೇರ್‌ಬಾಕ್ಸ್ ಮೇಲೆ ಅದು ಕೂರುವ ಜಾಗವನ್ನು ಬಣ್ಣ, ತುಕ್ಕು ಹೋಗುವ ತನಕ ಉಜ್ಜಿ, ಬಿಗಿದ ಮೇಲೆ ಹೊರಗಿನಿಂದ ಗ್ರೀಸ್ ಸವರಿ. ಆಮೇಲೆ ಒಂದು ಸುತ್ತು ಓಡಿಸಿ, ಎಂಜಿನ್ ಬಿಸಿಯಿರುವಾಗಲೇ ಮತ್ತೊಮ್ಮೆ ಮೀಟರ್ ಹಿಡಿದು ಸೆಲ್ಫ್ ಹೊಡೆಸಿ. 0.2ರ ಒಳಗೆ ತೋರಿದರೆ ಟೂಲ್ ಬಾಕ್ಸ್ ಮುಚ್ಚಬಹುದು.